ಸರ್ಪವರ್ಣವಿನೋದ

ವಿನೋದಗಳಲ್ಲಿ ಕೆಲವು ನಾಲ್ಕು ಜನರೆದುರು ಹೇಳಿಕೊಳ್ಳುವುದಕ್ಕೆ ಸುಲಭವಾದುವು. ಸಂಗೀತ ಕೇಳುತ್ತೇನೆ, ಗುಲಾಬಿ ಬೆಳೆಯುತ್ತೇನೆ, ಹಳೆಯ ನಾಣ್ಯಗಳನ್ನು ಕೂಡಿಹಾಕುತ್ತೇನೆ ಎಂದವನಿಗೆ ಸಭ್ಯರ ಕೂಟದಲ್ಲಿ ಒಂದು ಕುರ್ಚಿ ದೊರಕಿಯೇ ದೊರಕುತ್ತದೆ. ಹೆಬ್ಬಾವುಗಳ ವಂಶ ಬೆಳೆಸುತ್ತೇನೆ ಎಂದವನಿಗಾದರೋ ಕುರ್ಚಿ ದೊರಕಿದರೂ ಅದರ ಎಡಬಲದ ಕುರ್ಚಿಗಳು ಮೆಲ್ಲನೆ ತೆರವಾಗುತ್ತವೆ. ಚಿಕಾಗೋ ನಗರದ ಹೊರವಲಯದಲ್ಲಿರುವ ನಮ್ಮ ಮನೆಯ ನೆಲಮಾಳಿಗೆಯಲ್ಲಿ, ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವ ಮಾಘಮಾಸದಲ್ಲಿಯೂ, ಪಶ್ಚಿಮ ಆಫ್ರಿಕದ ಬಯಲಿನ ಬಿಸುಪನ್ನು ಹಿಡಿದಿಟ್ಟುಕೊಂಡಿರುವ ಕೋಣೆಯೊಂದುಂಟು. ಅಲ್ಲಿಯ ಪ್ರತಿಯೊಂದು ಪೆಟ್ಟಿಗೆಯ ಒಂದು ತುದಿಯಲ್ಲಿ 32 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಇನ್ನೊಂದು ತುದಿಯಲ್ಲಿ 26, ನಡುವಿನ ಗಾಳಿಯಲ್ಲಿ ಶೇಕಡ 60ರ ಆಸುಪಾಸಿನ ತೇವ. ನಮ್ಮದು ಶಾಕಾಹಾರದ ಮನೆಯಾದುದರಿಂದ ಇಲಿಗಳನ್ನಿಡುವ ಹಿಮಪೆಟ್ಟಿಗೆಗೆ ಗ್ಯಾರೇಜಿನಲ್ಲಿ ಪ್ರತ್ಯೇಕ ಸ್ಥಾನ ಕಲ್ಪಿಸತಕ್ಕದ್ದೆಂದೂ, ಅದರ ಬೀಗದ ಕೈ ನನ್ನೊಬ್ಬನ ವಶದಲ್ಲಿರತಕ್ಕದ್ದೆಂದೂ ಗೃಹಿಣಿಯೊಡನೆ ಆಗಿರುವ ಕರಾರು ಇದುವರೆಗೆ ಭಂಗವಾಗಿಲ್ಲ.

ಅಮೆರಿಕದವರು ಬಾಲ್ ಪೈಥಾನ್ ಎಂದೂ ಇಂಗ್ಲೆಂಡಿನವರು ರಾಯಲ್ ಪೈಥಾನ್ ಎಂದೂ ಕರೆಯುವ ಈ ಜೀವಿಗೆ 1802ರಲ್ಲಿ ಜಾರ್ಜ್ ಶಾ ಎಂಬ ಪ್ರಕೃತಿಶಾಸ್ತ್ರಜ್ಞನು ಶಾಸ್ತ್ರೀಯವಾಗಿ ನಾಮಕರಣ ಮಾಡಿದನು. ನಮ್ಮ ಪಶ್ಚಿಮಘಟ್ಟದ ಹೆಬ್ಬಾವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬರುವವರಿಗೆ ಇದು ಕೊಂಚ ನಿರಾಶೆಯನ್ನೇ ಉಂಟುಮಾಡೀತು. ನಾಲ್ಕಡಿ, ಹೆಚ್ಚೆಂದರೆ ಐದಡಿ ಉದ್ದ, ತೋಳಿನಷ್ಟು ದಪ್ಪ, ಕಪ್ಪು ಮೈಯ ಮೇಲೆ ಜೇನುಬಣ್ಣದ ಮಚ್ಚೆಗಳು. ಭಯವಾದರೆ ಕಚ್ಚುವುದಕ್ಕೆ ಬದಲಾಗಿ ತಲೆಯನ್ನು ನಡುವಿಟ್ಟು ಮೈಯನ್ನು ಉಂಡೆಗಟ್ಟಿ, ಜಗತ್ತು ತಾನಾಗಿಯೇ ಹಿಂದಿರುಗಿ ಹೋಗಲೆಂದು ಕಾಯುವ ಸ್ವಭಾವ. ಸೆನೆಗಲ್‌ನಿಂದ ಉಗಾಂಡದವರೆಗೆ ಹಬ್ಬಿರುವ ಹುಲ್ಲುಗಾಡುಗಳಲ್ಲಿ, ಹೊಲದಂಚುಗಳಲ್ಲಿ, ಇಲಿಯ ಬಿಲಗಳಲ್ಲಿ, ಗೆದ್ದಲು ಬಿಟ್ಟುಹೋದ ಹುತ್ತಗಳಲ್ಲಿ ಇದರ ವಾಸ. ಬೆನಿನ್ ದೇಶದ ವಿಡಾ ಪಟ್ಟಣದಲ್ಲಿ, ದೊಡ್ಡದೊಂದು ಇಗರ್ಜಿಯ ಇದಿರಿಗೇ, ಈ ಹಾವುಗಳಿಗಾಗಿ ಒಂದು ಗುಡಿಯಿದೆ. ಊರಿನ ಮನೆಯೊಳಕ್ಕೆ ಹಾವು ಬಂದರೆ ಅದನ್ನು ಹೊಡೆಯದೆ ಮರ್ಯಾದೆಯಿಂದ ಗುಡಿಗೆ ಮರಳಿಸುತ್ತಾರೆಂದು ಓದಿದಾಗ, ನಾಗಬನದ ಕಡೆಗೆ ಕಾಲು ಚಾಚಿ ಮಲಗಬಾರದೆಂದು ಗದರಿಸುತ್ತಿದ್ದ ಕರಾವಳಿಯ ನನ್ನ ಅಜ್ಜಿ ಆ ಊರಿನಲ್ಲಿ ಹುಟ್ಟಿದ್ದರೂ ಆಚಾರದಲ್ಲಿ ಹೆಚ್ಚಿನ ತೊಡಕಾಗುತ್ತಿರಲಿಲ್ಲವೆಂದು ತೋರಿತು. ಆದರೆ ಅದೇ ಬೆನಿನ್, ಅದರ ನೆರೆಯ ಟೋಗೋ, ಘಾನಾ ದೇಶಗಳಿಂದಲೇ, ಬಸಿರಾದ ಹೆಣ್ಣುಗಳನ್ನು ಬಿಲದಿಂದ ತೆಗೆದು ಮೊಟ್ಟೆ ಇಡಿಸಿ, ಮರಿಗಳನ್ನು ಹಡಗು ವಿಮಾನಗಳಿಗೆ ತುಂಬಿ ಕಳುಹಿಸುವ ವ್ಯಾಪಾರವೂ ದಶಕಗಳಿಂದ ನಡೆದುಬಂದಿದೆ ಎಂಬುದನ್ನು ಮುಚ್ಚಿಡಲಾಗದು. ನನ್ನ ಕೋಣೆಯ ಹಾವುಗಳೆಲ್ಲ ಇಲ್ಲಿಯೇ ಹುಟ್ಟಿದುವಾದರೂ ಅವುಗಳ ಮುತ್ತಜ್ಜಿಯರು ಹಾಗೆಯೇ ಬಂದವರು.

ಹಾಗೆ ಬಂದ ಸಾವಿರಾರು ಕಪ್ಪು ಮರಿಗಳ ನಡುವೆ ಎಂದೋ ಒಮ್ಮೆ ಬಿಳಿಯದೊಂದು, ಹಳದಿಯದೊಂದು ಕಾಣಿಸಿಕೊಂಡಿತು. ಓಕ್ಲಹೋಮದ ಬಾಬ್ ಕ್ಲಾರ್ಕ್ ಎಂಬುವರು ಅಂಥದೊಂದು ಆಲ್ಬಿನೋ ಹಾವನ್ನು ಪಡೆದು, ಅದರ ಬಣ್ಣ ಸಂತತಿಯಲ್ಲಿ ಮರಳಿ ಬರುವುದೋ ಇಲ್ಲವೋ ಎಂದು ಪರೀಕ್ಷಿಸಿ, 1992ರಲ್ಲಿ ಮೊದಲ ಆಲ್ಬಿನೋ ಮರಿಗಳನ್ನು ತಮ್ಮಲ್ಲಿಯೇ ಹುಟ್ಟಿಸಿದರು. ಒಂದು ವಿಚಿತ್ರವರ್ಣವು ಆಕಸ್ಮಿಕವೋ ಆನುವಂಶಿಕವೋ ಎಂಬುದನ್ನು ಹೀಗೆ ಪೀಳಿಗೆಗಳಿಂದ ಸ್ಥಾಪಿಸುವುದಕ್ಕೆ ಇಲ್ಲಿಯ ತಳಿಗಾರರು ‘ಪ್ರೂವ್’ ಮಾಡುವುದೆನ್ನುತ್ತಾರೆ. ಆಲ್ಬಿನೋ ಆದ ಮೇಲೆ ಪೈಬಾಲ್ಡ್ ಬಂದಿತು, ಪ್ಯಾಸ್ಟೆಲ್ ಬಂದಿತು, ಮೊಹಾವೆ, ಸಿನಮನ್, ಬನಾನಾ, ಕ್ಲೌನ್ ಬಂದುವು. ಒಂದನ್ನೊಂದರ ಮೇಲೆ ಹೊದಿಸುತ್ತ ಹೋದಂತೆ ಬಣ್ಣಗಳ ಸಂಯೋಗಗಳು ಸಾವಿರಗಳನ್ನು ಮೀರಿದುವು. ಇವನ್ನೇ ಮಾರ್ಫ್‌ಗಳೆನ್ನುವುದು.

ನಾನು ಈ ವಿನೋದಕ್ಕೆ ಸೋತುದು ಬಣ್ಣದಿಂದ ಎಂದರೆ ಅರ್ಧಸತ್ಯವಾದೀತು. ಲೆಕ್ಕದಿಂದ ಎಂದರೆ ಉಳಿದರ್ಧವೂ ಸೇರುತ್ತದೆ. ಆಲ್ಬಿನೋದಂತಹ ದುರ್ಬಲ ಗುಣವು ಕಣ್ಣಿಗೆ ಕಾಣಬೇಕಾದರೆ ತಾಯಿಯಿಂದಲೂ ತಂದೆಯಿಂದಲೂ ಒಂದೊಂದು ಪ್ರತಿ ಬರಬೇಕು. ಒಂದೇ ಪ್ರತಿಯನ್ನು ಹೊತ್ತ ಹಾವು ನೋಟಕ್ಕೆ ಸಾಮಾನ್ಯ ಹಾವೇ, ಒಳಗೆ ಮಾತ್ರ ‘ಹೆಟ್’. ಎರಡು ಹೆಟ್‌ಗಳನ್ನು ಕೂಡಿಸಿದರೆ ನಾಲ್ಕರಲ್ಲೊಂದು ಮರಿ ಬಣ್ಣದ್ದು, ಮೂರು ಕಪ್ಪು. ಆ ಮೂರರಲ್ಲಿ ಎರಡು ಹೆಟ್, ಒಂದು ಬರಿದು. ಆದರೆ ಯಾವ ಎರಡು, ಯಾವ ಒಂದು ಎಂಬುದನ್ನು ಕಣ್ಣು ಹೇಳಲಾರದಾದ್ದರಿಂದ ಮೂರನ್ನೂ ‘66 ಪರ್ಸೆಂಟ್ ಹೆಟ್’ ಎಂಬ ಸೋಜಿಗದ ಹೆಸರಿನಿಂದ ಮಾರುತ್ತಾರೆ. ಲೋಕದಲ್ಲಿ ಶೇಕಡ 66ರಷ್ಟು ಹೆಟ್ ಆಗಿರುವ ಹಾವು ಒಂದಾದರೂ ಇಲ್ಲ; ಹಾವು ಹೆಟ್ ಆಗಿರುತ್ತದೆ, ಇಲ್ಲವೆ ಆಗಿರುವುದಿಲ್ಲ; ಅರುವತ್ತಾರು ಎಂಬುದು ನಮ್ಮ ಅಜ್ಞಾನದ ಅಳತೆ. ಅಜ್ಞಾನವನ್ನು ಇಷ್ಟು ನಿಷ್ಕೃಷ್ಟವಾಗಿ ಅಳೆದು ಚೀಟಿ ಅಂಟಿಸಿ ಮಾರುವ ವ್ಯಾಪಾರಿಗಳನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಬರ್ನೋ ಪಟ್ಟಣದ ಮಠದಲ್ಲಿ ಬಟಾಣಿ ಬೆಳೆಯುತ್ತಿದ್ದ ಗ್ರೆಗರ್ ಮೆಂಡಲನಿಗೆ ಎಂಟು ವರ್ಷಗಳಲ್ಲಿ ಇಪ್ಪತ್ತೆಂಟು ಸಾವಿರದಷ್ಟು ಗಿಡಗಳು ಸಿಕ್ಕಿದುವು. ಸಂಖ್ಯೆ ಅಷ್ಟು ದೊಡ್ಡದಾದುದರಿಂದಲೇ ಮೂರಕ್ಕೊಂದೆಂಬ ಪ್ರಮಾಣವು ಅವನಿಗೆ ಸ್ಪಷ್ಟವಾಗಿ ಮುಖ ತೋರಿತು. ಹೆಬ್ಬಾವಿನ ಹೆಣ್ಣು ಪ್ರಾಪ್ತವಯಸ್ಸಿಗೆ ಬಂದು ಒಂದೂವರೆ ಕಿಲೋ ತೂಗುವುದಕ್ಕೇ ಸುಮಾರು ಮೂರು ವರ್ಷ ಬೇಕು; ಇಟ್ಟರೆ ಆರೇಳು ಮೊಟ್ಟೆ; ಮೆಂಡಲನ ಎಂಟು ವರ್ಷಗಳಲ್ಲಿ ನನ್ನಂಥವನು ಮೊಮ್ಮಕ್ಕಳನ್ನು ಕಂಡರೆ ಅದೇ ಪುಣ್ಯ. ಎರಡು ದುರ್ಬಲ ಗುಣಗಳಿಗೂ ಹೆಟ್ ಆದ ಜೋಡಿಯಿಂದ ಎರಡೂ ಬಣ್ಣ ಒಟ್ಟಿಗೆ ಮೂಡಿದ ಮರಿ ಬರುವ ಸಂಭವ ಹದಿನಾರರಲ್ಲೊಂದು. ಆರು ಮೊಟ್ಟೆಗಳ ಒಂದು ಕ್ಲಚ್‌ನಲ್ಲಿ ಅಂಥದೊಂದಾದರೂ ಕಾಣಿಸಿಕೊಳ್ಳುವ ಸಂಭವ ಮೂರರಲ್ಲೊಂದಕ್ಕಿಂತ ತುಸು ಕಡಮೆ. ಚೌಕಾಬಾರದಲ್ಲಿ ಕವಡೆ ಎಸೆದವನಿಗೆ ಮುಂದಿನ ಎಸೆತವಾದರೂ ಕೂಡಲೇ ಉಂಟು. ಇಲ್ಲಿ ಒಮ್ಮೆ ಎಸೆದರೆ ಮತ್ತೊಂದು ಎಸೆತಕ್ಕೆ ವರ್ಷ ಕಾಯಬೇಕು, ಅದೂ ಆ ವರ್ಷ ಹೆಣ್ಣು ಮೊಟ್ಟೆಯಿಡಲು ಮನಸ್ಸು ಮಾಡಿದರೆ. ಈ ದೇಶದ ತಳಿಗಾರರು ‘ಆಡ್ಸ್ ಗಾಡ್ಸ್’ ಎಂಬ ಸಂಭವದೇವತೆಗಳನ್ನು ಕಲ್ಪಿಸಿಕೊಂಡು ತಮಾಷೆಗೆ ಹರಕೆ ಹೊರುವುದುಂಟು. ಆ ತಮಾಷೆಯಲ್ಲಿ ಅರ್ಧದಷ್ಟು ಭಕ್ತಿಯೇ ಎಂದು ನನ್ನ ಸಂಶಯ.

ಋತುಚಕ್ರವೂ ಒಂದು ಭೋಗ. ಕಾರ್ತೀಕದ ಹೊತ್ತಿಗೆ ರಾತ್ರಿಯ ಉಷ್ಣತೆಯನ್ನು ಎರಡು ಮೂರು ಡಿಗ್ರಿ ತಗ್ಗಿಸಿ ಗಂಡನ್ನು ಹೆಣ್ಣಿನ ಪೆಟ್ಟಿಗೆಗೆ ಬಿಡುವುದು. ಶಿಶಿರವೆಲ್ಲ ಗಂಡುಗಳು ಊಟವನ್ನು ಮರೆತು ಕೃಶವಾಗುವುದು. ಒಂದು ದಿನ ಹೆಣ್ಣಿನ ನಡುಮೈ ಇದ್ದಕ್ಕಿದ್ದಂತೆ ಉಬ್ಬಿ, ಅಂಡಗಳು ಬಿಡುಗಡೆಯಾದುವೆಂದು ಸೂಚಿಸುವುದು. ಆ ಬಳಿಕ ಅದು ಪೊರೆ ಬಿಡುವುದು. ಪೊರೆ ಬಿಟ್ಟ ತಿಂಗಳೊಪ್ಪತ್ತಿನೊಳಗೆ ತೊಗಲಿನಂಥ ಚಿಪ್ಪಿನ ಬಿಳಿಯ ಮೊಟ್ಟೆಗಳನ್ನಿಟ್ಟು ಅವುಗಳ ಸುತ್ತ ಸುರುಳಿಗಟ್ಟಿ ಕೂರುವುದು. ಕಾಡಿನಲ್ಲಾದರೆ ಎರಡು ತಿಂಗಳು ಹೀಗೆಯೇ, ಅನ್ನವಿಲ್ಲದೆ. ನಾವು ಮೊಟ್ಟೆಗಳನ್ನು ತೆಗೆದು 31 ಡಿಗ್ರಿಯ ಕಾವುಪೆಟ್ಟಿಗೆಯಲ್ಲಿಡುತ್ತೇವೆ. ಬಾಣಂತಿಯ ಮೈಗೆ ಹತ್ತಿದ ಮೊಟ್ಟೆಯ ವಾಸನೆ ಹೋಗುವಂತೆ ಬೆಚ್ಚನೆಯ ನೀರಿನಲ್ಲಿ ಮೀಯಿಸಿದರೆ, ಕಾಯಬೇಕಾದುದೇನೂ ಇಲ್ಲವೆಂದು ತಿಳಿದು ಊಟಕ್ಕೆ ಬರುತ್ತದೆ. ಐವತ್ತೈದು ಅರುವತ್ತು ದಿನಗಳಾದ ಮೇಲೆ ಮೊಟ್ಟೆಯಲ್ಲೊಂದು ಸೀಳು, ಸೀಳಿನಲ್ಲೊಂದು ಮೂಗು, ಆ ಮೂಗು ಅಲ್ಲಿಯೇ ಒಂದು ದಿನ, ಎರಡು ದಿನ, ಹೊರಲೋಕದ ಗಾಳಿಯನ್ನು ಪರಿಶೀಲಿಸುತ್ತ ಕುಳಿತಿರುತ್ತದೆ. ಆ ಮೂಗಿನ ಬಣ್ಣವೊಂದನ್ನೇ ಹಿಡಿದು, ಒಳಗೆ ಮಡಿಚಿಕೊಂಡಿರುವ ಮಿಕ್ಕ ಹಾವು ಎಂಥದಿದ್ದೀತೆಂದು ಊಹಿಸುವ ಸುಖಕ್ಕೆ ಸಾಟಿಯಾದುದನ್ನು ನಾನು ಕಾಣೆ.

ಇಂಥ ಊಹೆಗಳನ್ನು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸದಿಂದ ಶಾಸ್ತ್ರಕ್ಕೂ ಉಪಕಾರವಾದುದುಂಟು. ಬನಾನಾ ಎಂಬ ಹಳದಿ ಮಾರ್ಫ್‌ನಲ್ಲಿ ಕೆಲವು ಗಂಡುಗಳಿಗೆ ಹುಟ್ಟಿದ ಬಣ್ಣದ ಮರಿಗಳೆಲ್ಲ ಹೆಚ್ಚುಕಡಮೆ ಗಂಡುಗಳೇ ಆಗುತ್ತಿದ್ದುವು. ಮತ್ತೆ ಕೆಲವು ಗಂಡುಗಳಿಗೆ ಹುಟ್ಟಿದುವು ಹೆಣ್ಣುಗಳೇ. ಮೊದಲನೆಯವನ್ನು ‘ಮೇಲ್ ಮೇಕರ್’ ಎಂದೂ ಎರಡನೆಯವನ್ನು ‘ಫೀಮೇಲ್ ಮೇಕರ್’ ಎಂದೂ ತಳಿಗಾರರು ವಿಂಗಡಿಸಿ, ಬಣ್ಣವನ್ನು ತಂದೆಯಿಂದ ಪಡೆದ ಗಂಡು ಗಂಡುಗಳಿಗೂ, ತಾಯಿಯಿಂದ ಪಡೆದ ಗಂಡು ಹೆಣ್ಣುಗಳಿಗೂ ಅದನ್ನು ದಾಟಿಸುತ್ತದೆಂದು ಕಂಡುಕೊಂಡರು. ಹಾವುಗಳಲ್ಲೆಲ್ಲ ಪಕ್ಷಿಗಳಂತೆ ಹೆಣ್ಣೇ ಮರಿಯ ಲಿಂಗವನ್ನು ನಿರ್ಣಯಿಸುವುದೆಂಬ ಪಾಠ ಪುಸ್ತಕಗಳಲ್ಲಿದ್ದ ಕಾಲವದು. ಆ ಪಾಠದ ಪ್ರಕಾರ ಬನಾನಾದ ಈ ನಡತೆಗೆ ಅರ್ಥವೇ ಇರಲಿಲ್ಲ. 2017ರಲ್ಲಿ ಟೋನಿ ಗ್ಯಾಂಬಲ್ ಮತ್ತು ಸಂಗಡಿಗರು ಈ ಹೆಬ್ಬಾವಿನಲ್ಲಿ ಮನುಷ್ಯರಲ್ಲಿರುವಂತೆ ಎಕ್ಸ್–ವೈ ವ್ಯವಸ್ಥೆಯೇ ಇದೆಯೆಂದು ತೋರಿಸಿದಾಗ, ಬನಾನಾದ ವಂಶವಾಹಿಯು ಆ ಲಿಂಗವರ್ಣತಂತುಗಳ ಮೇಲೆಯೇ ಕುಳಿತು ಅವುಗಳೊಡನೆ ಪ್ರಯಾಣ ಮಾಡುತ್ತಿದ್ದಿತೆಂಬುದು ತಿಳಿಯಾಯಿತು. ನೆಲಮಾಳಿಗೆಯ ಲೆಕ್ಕದ ಪುಸ್ತಕಗಳು ವಿಶ್ವವಿದ್ಯಾಲಯಕ್ಕಿಂತ ಮುಂಚೆಯೇ ಆ ಗಂಟನ್ನು ಹಿಡಿದಿದ್ದುವು ಎಂಬ ಅಭಿಮಾನ ನಮ್ಮ ಪಂಗಡದವರಿಗೆ ಇನ್ನೂ ಇಳಿದಿಲ್ಲ. ಆ ಮೇಲೆ ಮಿಷಿಗನ್ನಿನ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳು, ಸಾಕುವವರು ಅಂಚೆಯಲ್ಲಿ ಕಳುಹಿಸಿದ ಪೊರೆಗಳಿಂದಲೇ ಡಿಎನ್‌ಎ ತೆಗೆದು, ಆಲ್ಬಿನೋದ ಮೂಲ ಟೈರೋಸಿನೇಸ್ ವಂಶವಾಹಿಯಲ್ಲಿದೆಯೆಂದು 2022ರಲ್ಲಿ ಪ್ರಕಟಿಸಿದರು. ಮನುಷ್ಯರಲ್ಲಿ ಒಂದು ಬಗೆಯ ಧವಳತೆಗೂ, ಸಯಾಮೀ ಬೆಕ್ಕಿನ ಕಪ್ಪು ಕಿವಿಗೂ ಕಾರಣವಾದುದು ಅದೇ ವಂಶವಾಹಿ. ಕಸದ ಬುಟ್ಟಿಗೆ ಹೋಗುವ ಪೊರೆಗೆ ಅಷ್ಟು ಗೌರವ ಸಂದುದು ನನಗೆ ಬಹಳ ಹಿಡಿಸಿತು.

ಇಲ್ಲಿಯವರೆಗಿನದು ಸುಖದ ಕತೆ. 1999ರಲ್ಲಿ ಆಫ್ರಿಕದಿಂದ ಅಮೆರಿಕಕ್ಕೆ ಒಂದು ಹಾವು ಬಂದಿತು. ಅದರ ಮೈಮೇಲಿನ ಕಪ್ಪು ಕರಗಿ ಸಣ್ಣ ರೇಖೆಗಳ ಬಲೆಯಾಗಿ, ಹೊಂಬಣ್ಣದ ನೆಲದ ಮೇಲೆ ಹರಡಿದ್ದಿತು, ಪಕ್ಕಗಳು ಬೆಳ್ಳಗೆ. ‘ಸ್ಪೈಡರ್’ ಎಂದು ಹೆಸರಾಯಿತು. ಗುಣ ಪ್ರಬಲವಾದುದರಿಂದ ಹೆಟ್ ಹಿಡಿದು ಕಾಯುವ ತಾಪತ್ರಯವಿಲ್ಲದೆ ಮೊದಲ ಪೀಳಿಗೆಯಲ್ಲಿಯೇ ಅರ್ಧದಷ್ಟು ಮರಿಗಳು ಸ್ಪೈಡರ್. ಪ್ಯಾಸ್ಟೆಲ್‌ನೊಡನೆ ಕೂಡಿದರೆ ಬಂಬಲ್ ಬೀ ಎಂಬ ಅತಿಮನೋಹರವಾದ ಹಳದಿ ಕಪ್ಪಿನ ಹಾವು. ಇಂದು ಲೋಕದಲ್ಲಿರುವ ಸ್ಪೈಡರ್‌ಗಳೆಲ್ಲ ಆ ಒಂದೇ ಪೂರ್ವಜನ ಸಂತಾನ. ಪ್ರತಿಯೊಂದೂ, ಕೆಲವು ಅಲ್ಪವಾಗಿ, ಕೆಲವು ಕಣ್ಣು ತೇವವಾಗುವಷ್ಟು, ‘ವಾಬಲ್’ ಎಂಬ ಅಸ್ಥಿರತೆಯನ್ನು ಹೊತ್ತೇ ಹುಟ್ಟುತ್ತದೆ.

ಊರು ಬಿಟ್ಟು ಹೋಗುವಾಗ ಮಿತ್ರರೊಬ್ಬರು ಒಪ್ಪಿಸಿಹೋದ ಸ್ಪೈಡರ್ ಗಂಡೊಂದು ನನ್ನಲ್ಲಿದೆ. ಸುಮ್ಮನಿರುವಾಗ ಅದರ ರೂಪಕ್ಕೆ ಕೋಣೆಯಲ್ಲಿ ಎಣೆಯಿಲ್ಲ. ಊಟದ ವಾಸನೆ ಬಂದು ಉದ್ರೇಕಗೊಂಡಿತೋ, ತಲೆ ಮೆಲ್ಲನೆ ಒಂದು ಪಕ್ಕಕ್ಕೆ ವಾಲಿ, ಇನ್ನೂ ವಾಲಿ, ಗಂಟಲು ಮೇಲಾಗಿ ನೆತ್ತಿ ಕೆಳಗಾಗಿ, ಕುತ್ತಿಗೆ ತಿರುಪುಮೊಳೆಯಂತೆ ಸುತ್ತಿಕೊಳ್ಳುತ್ತದೆ. ಇಲಿಯತ್ತ ಎರಗಿದ ಬಾಯಿ ಒಂದಂಗುಲ ಆಚೆಗೆ ಗಾಳಿಯನ್ನು ಕಚ್ಚುತ್ತದೆ. ಆರೋಗ್ಯವಾದ ಹಾವನ್ನು ಮಗುಚಿದರೆ ಕೂಡಲೇ ಮರಳಿ ಹೊಟ್ಟೆಯ ಮೇಲಾಗುತ್ತದೆ. ಇದು ಬೆನ್ನ ಮೇಲೆಯೇ, ಆಕಾಶವೇ ನೆಲವೆಂದು ನಂಬಿದಂತೆ, ಹರಿಯಲು ಯತ್ನಿಸುತ್ತದೆ. ಇಲಿಯನ್ನು ಇಕ್ಕುಳದಲ್ಲಿ ಹಿಡಿದು ಬಾಯ ಬಳಿಗೊಯ್ದು ತಾಳ್ಮೆಯಿಂದ ತಿನ್ನಿಸುತ್ತೇನೆ; ಎತ್ತರದ ಕೊಂಬೆಗಳನ್ನು ಅದರ ಪೆಟ್ಟಿಗೆಯಲ್ಲಿಡುವುದಿಲ್ಲ; ಹೆಣ್ಣಿನ ಬಳಿಗೆ ಬಿಡುವುದಿಲ್ಲ.

ಬಣ್ಣಕ್ಕೂ ಸಮತೋಲಕ್ಕೂ ಏನು ನಂಟು? ಚರ್ಮದ ಅಲಂಕಾರ ಬೇರೆ, ಒಳಗಿನ ಯಂತ್ರ ಬೇರೆ ಎಂದು ನಂಬಿರುವವರೆಗೆ ಇದು ಬಿಡಿಸಲಾರದ ಒಗಟು. ಆದರೆ ಬೆನ್ನೆಲುಬಿನ ಪ್ರಾಣಿಗಳ ಭ್ರೂಣದಲ್ಲಿ, ಮಿದುಳುಬಳ್ಳಿಯಾಗಬೇಕಾದ ನಾಳವು ಮುಚ್ಚಿಕೊಳ್ಳುವ ಹೊತ್ತಿಗೆ, ಅದರ ಅಂಚಿನಿಂದ ಬಿಡಿಸಿಕೊಂಡು ದೇಹದ ಮೂಲೆಮೂಲೆಗೆ ವಲಸೆ ಹೋಗುವ ನ್ಯೂರಲ್ ಕ್ರೆಸ್ಟ್ ಎಂಬ ಕೋಶಸಮೂಹವೊಂದುಂಟು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಅದರಿಂದಲೇ ಬಂದುವು; ಒಳಗಿವಿಯನ್ನು ಸೇರುವ ಕೋಶಗಳಲ್ಲಿ ಕೆಲವೂ ಅದರಿಂದಲೇ ಹೊರಟುವು. ನೀಲಿಗಣ್ಣಿನ ಬಿಳಿಯ ಬೆಕ್ಕುಗಳು ಸಾಮಾನ್ಯವಾಗಿ ಕಿವುಡೆಂಬುದನ್ನು ಡಾರ್ವಿನ್ನನು 1859ರ ತನ್ನ ಮಹಾಗ್ರಂಥದಲ್ಲಿಯೇ ಗುರುತಿಸಿದ್ದನು. ಡಾಲ್ಮೇಷನ್ ನಾಯಿಗಳಲ್ಲಿ ಹಲವು ಕಿವುಡಾಗಿ ಹುಟ್ಟುವುದೂ ಇದೇ ಕಾರಣದಿಂದ. 2022ರಲ್ಲಿ ಮತಿಯಾಸ್ ಸ್ಟಾರ್ಕ್ ಮತ್ತು ಅವರ ಸಹೋದ್ಯೋಗಿಗಳು ಸ್ಪೈಡರ್ ಹಾವುಗಳ ತಲೆಗಳನ್ನು ಸೂಕ್ಷ್ಮ ಸಿಟಿ ಯಂತ್ರದಲ್ಲಿಟ್ಟು ನೋಡಿದಾಗ, ತಲೆಯ ಚಲನೆಯನ್ನು ಅಳೆಯುವ ಅರ್ಧವರ್ತುಲ ನಾಳಗಳು ಅಗಲವಾಗಿ ವಿರೂಪಗೊಂಡಿದ್ದುವು. ಮೇಲು ಕೆಳಗುಗಳನ್ನು ತಿಳಿಸುವ ಸ್ಯಾಕ್ಯುಲಸ್ ಚೀಲವು ಕುಗ್ಗಿ ಆಕಾರಗೆಟ್ಟಿದ್ದಿತು. ಬಣ್ಣದ ಕೋಶಗಳ ಹಾದಿ ತಪ್ಪಿಸಿದ ದೋಷವೇ ಕಿವಿಯನ್ನೂ ಕೆಡಿಸಿರಬೇಕೆಂಬುದು ಬಲವಾದ ಊಹೆ. ಮೈಮೇಲಿನ ಆ ಬಲೆಯ ರೇಖೆಯೂ ತಲೆಯ ವಾಲಾಟವೂ ಒಂದೇ ಬರೆಹದ ಎರಡು ಸಾಲುಗಳಾದರೆ, ಒಂದನ್ನುಳಿಸಿಕೊಂಡು ಇನ್ನೊಂದನ್ನು ಅಳಿಸುವುದು ಯಾವ ತಳಿಗಾರನ ಕೈಯಿಂದಲೂ ಆಗುವ ಕೆಲಸವಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೊಸ ರಕ್ತ ಕೂಡಿಸಿ ಕೂಡಿಸಿ ನೋಡಿದರೂ ವಾಬಲ್ ಕಳಚಲಿಲ್ಲ. ಎರಡು ಸ್ಪೈಡರ್‌ಗಳನ್ನು ಕೂಡಿಸಿದವರಿಗೆ ಎರಡು ಪ್ರತಿಗಳನ್ನೂ ಹೊತ್ತ ‘ಸೂಪರ್’ ಮರಿ ಬದುಕಿ ದೊರಕಲಿಲ್ಲ. ಅದು ಮೊಟ್ಟೆಯಲ್ಲಿಯೇ ಅಳಿಯುತ್ತದೆಂಬುದು ಎಲ್ಲರ ಅಭಿಪ್ರಾಯ.

ಇಂಥವು ಇನ್ನೂ ಹಲವುಂಟು. ಕ್ಯಾರಮೆಲ್ ಆಲ್ಬಿನೋಗಳಲ್ಲಿ ಬೆನ್ನೆಲುಬು ಗಂಟುಗಂಟಾಗುತ್ತದೆ. ಸಿನಮನ್‌ನ ಸೂಪರ್‌ನಲ್ಲಿ ಬಾತುಕೋಳಿಯ ಕೊಕ್ಕಿನಂತೆ ಮೂತಿ ಚಪ್ಪಟೆಯಾಗುವುದುಂಟು. ಲೆಸ್ಸರ್ ಎಂಬ ಮಾರ್ಫ್‌ನ ಸೂಪರ್‌ನಲ್ಲಿ ಕಣ್ಣುಗಳು ಹೊರಚಾಚುತ್ತವೆ. ಡೆಸರ್ಟ್ ಎಂಬ ಚೆಲುವಿನ ಮಾರ್ಫ್‌ನ ಹೆಣ್ಣುಗಳು ಬಂಜೆಯರು, ಮೊಟ್ಟೆ ಒಳಗೇ ಸಿಕ್ಕಿ ಸತ್ತುದೂ ಉಂಟು. ಶಾಂಪೇನ್ ತಾನೇ ಓಲಾಡುವ ಜಾತಿ, ಸ್ಪೈಡರ್‌ನೊಡನೆ ಕೂಡಿದರೆ ಮರಿಯ ಬಾಳೇ ಅಸಾಧ್ಯ. ಇದರಲ್ಲಿ ಎಲ್ಲವೂ ವಂಶವಾಹಿಯ ದೋಷವೇ ಎನ್ನುವಂತಿಲ್ಲ. ಕಾವಿನ ಉಷ್ಣತೆ ಏರಿದರೂ ಬೆನ್ನು ಗಂಟಾಗುತ್ತದೆ. ಆದುದರಿಂದಲೇ ಕಾವುಪೆಟ್ಟಿಗೆಯ ದಿನಚರಿಯನ್ನೂ ಬರೆದಿಡಬೇಕಾಗುವುದು.

ಸ್ಪೈಡರ್‌ನ ಪಕ್ಷಪಾತಿಗಳ ವಾದ ನನಗೆ ಬಾಯಿಪಾಠವಾಗಿದೆ: ಅದು ತಿನ್ನುತ್ತದೆ, ಬೆಳೆಯುತ್ತದೆ, ಮರಿಮಾಡುತ್ತದೆ, ದೀರ್ಘಕಾಲ ಬದುಕುತ್ತದೆ, ಇನ್ನೇನು ಬೇಕು? ತಿನ್ನುವುದೂ ಮರಿಮಾಡುವುದೂ ಹಾವಿನಲ್ಲಿ ಎಷ್ಟು ಹಟಮಾರಿಯಾದ ಪ್ರವೃತ್ತಿಗಳೆಂದರೆ, ಸೇಂಟ್ ಲೂಯಿಸ್ ಮೃಗಾಲಯದ ಅರುವತ್ತು ದಾಟಿದ ಮುದುಕಿಯೊಂದು ಗಂಡಿನ ಮುಖವನ್ನು ಎಷ್ಟೋ ವರ್ಷಗಳಿಂದ ಕಾಣದೆಯೂ 2020ರಲ್ಲಿ ಮೊಟ್ಟೆಯಿಟ್ಟಿತು. ಅಂಥ ಪ್ರಾಣಿ ಮರಿಮಾಡಿತೆಂಬುದನ್ನೇ ಅದರ ಸೌಖ್ಯದ ಪ್ರಮಾಣವಾಗಿ ಹಿಡಿಯುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ನೆಲ ಯಾವುದು, ಆಕಾಶ ಯಾವುದು ಎಂಬ ಅರಿವು ಹೊಟ್ಟೆಯ ಮೇಲೆ ಬಾಳುವ ಜೀವಿಗೆ ಆಹಾರದಷ್ಟೇ ಮೂಲಭೂತವಾದುದು. ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪಿಟಲಾಜಿಕಲ್ ಸೊಸೈಟಿ ತನ್ನ ಮೇಳಗಳಲ್ಲಿ ಸ್ಪೈಡರ್ ಮಾರಾಟವನ್ನು ನಿಷೇಧಿಸಿದಾಗ ಇಲ್ಲಿಯವರು ಕೆಲವರು ಕಿಡಿಕಾರಿದರು. ನಾನು ಅವರ ಪಂಕ್ತಿಯಲ್ಲಿ ಕೂರಲಿಲ್ಲ. ಹಾಗೆಂದು ಮಾರ್ಫ್‌ಗಳೆಲ್ಲವೂ ಪಾಪವೆಂದು ಸಾರುವವರ ಪಂಕ್ತಿಯೂ ನನ್ನದಲ್ಲ: ಪ್ಯಾಸ್ಟೆಲ್ ಕ್ಲೌನ್‌ಗಳು ಕಪ್ಪು ಹಾವಿನಷ್ಟೇ ಗಟ್ಟಿಯಾಗಿ ಎರಗುತ್ತವೆ, ಸುತ್ತುತ್ತವೆ, ಮುನಿಸಿಕೊಂಡು ತಿಂಗಳುಗಟ್ಟಲೆ ಉಪವಾಸ ಕೂರುತ್ತವೆ. ತುಟಿಯಂಚಿನ ಕುಳಿಗಳಿಂದ ಬಿಸಿಯನ್ನು ಕಾಣುತ್ತ, ನಾಲಗೆಯಿಂದ ವಾಸನೆಯನ್ನು ಆಯುತ್ತ, ಕತ್ತಲಲ್ಲಿ ನಡೆಯುವ ಜೀವಕ್ಕೆ ತನ್ನ ಬಣ್ಣ ಯಾವುದಾದರೇನು? ಬಣ್ಣ ನಮ್ಮ ಸುಖಕ್ಕೆ. ಆದುದರಿಂದ ಅದರ ಬೆಲೆಯನ್ನು ಹಾವಿನಿಂದ ವಸೂಲು ಮಾಡುವಂತಿಲ್ಲ ಎಂಬಷ್ಟು ಮಾತ್ರ ನನ್ನ ಹಟ.

ಚಿಕಾಗೋ ಬಳಿಯ ಟಿನ್ಲಿ ಪಾರ್ಕಿನಲ್ಲಿ ವರ್ಷಕ್ಕೆರಡು ಸಲ ಸರೀಸೃಪಗಳ ದೊಡ್ಡ ಮೇಳ ನಡೆಯುತ್ತದೆ. ಅಲ್ಲಿ ಕೊಳ್ಳುವವನಾಗಲಿ ಮಾರುವವನಾಗಲಿ ಚೀಟಿಯ ಮೇಲೆ ಬರೆಯುವುದು ಬಣ್ಣದ ಹೆಸರುಗಳ ಉದ್ದನೆಯ ಮಾಲೆಯನ್ನು. ಆ ಮಾಲೆಯಲ್ಲಿ ಎಷ್ಟು ಮೊಟ್ಟೆ ಕೆಟ್ಟಿತು, ಎಷ್ಟು ಮರಿ ಗಂಟುಬೆನ್ನಿನಿಂದ ಹುಟ್ಟಿತು ಎಂಬ ಅಂಕಣವಿಲ್ಲ. ನನ್ನ ಪುಸ್ತಕದಲ್ಲಿ ಅದಕ್ಕೊಂದು ಅಂಕಣವಿದೆ, ಕೇಳಿದವರಿಗೆ ತೆರೆದು ತೋರಿಸುತ್ತೇನೆ, ಕೇಳುವವರು ವಿರಳ.

ಈ ಕಾರ್ತೀಕಕ್ಕೆ ನನ್ನ ಪೈಬಾಲ್ಡ್ ಹೆಣ್ಣಿಗೆ ಹೆಟ್ ಪೈಬಾಲ್ಡ್ ಗಂಡನ್ನು ಕೂಡಿಸಬೇಕೆಂದಿದ್ದೇನೆ. ಅರ್ಧ ಮರಿಗಳು ಪೈಬಾಲ್ಡ್ ಆದಾವು. ಮಿಕ್ಕರ್ಧ ನಿಸ್ಸಂದೇಹವಾಗಿ ಹೆಟ್, ಶೇಕಡ ಅರುವತ್ತಾರರ ರಗಳೆಯಿಲ್ಲ. ತೆಳುಬಿಳುಪಿನ ಮೈಮೇಲೆ ಅಲ್ಲಲ್ಲಿ ಕಪ್ಪು ಕಂದಿನ ತುಂಡುಗಳನ್ನು ಹೊದಿಸಿದಂತಿರುವ ಈ ಮಾರ್ಫ್‌ನ ಮೂಲ ಟಿಎಫ್ಇಸಿ ಎಂಬ ವಂಶವಾಹಿಯಲ್ಲಿದೆಯೆಂದು 2023ರಲ್ಲಿ ತಿಳಿದುಬಂದಿದೆ. ಆದರೆ ಬಿಳುಪು ಎಷ್ಟು, ಕಪ್ಪು ಎಲ್ಲಿ ಎಂಬುದನ್ನು ಆ ತಿಳಿವು ಮುಂಗಾಣಲಾರದು. ಒಂದೇ ಕ್ಲಚ್‌ನ ಅಣ್ಣತಮ್ಮಂದಿರಲ್ಲಿ ಒಂದು ಕುತ್ತಿಗೆಯ ಬಳಿ ಬೆರಳಗಲದ ಬಿಳಿ ಪಟ್ಟಿ ಹೊತ್ತು ಬರುತ್ತದೆ, ಇನ್ನೊಂದು ತಲೆಯೊಂದನ್ನುಳಿದು ಪೂರ್ತಿ ಬೆಳ್ಳಗೆ ಬರುತ್ತದೆ. ಬಿಳುಪು ಹೆಚ್ಚಿದಷ್ಟೂ ಬೆಲೆ ಹೆಚ್ಚು. ಆದುದರಿಂದ ಅತ್ಯಂತ ಬಿಳಿಯವನ್ನೇ ಆರಿಸಿ ಆರಿಸಿ ಕೂಡಿಸು ಎಂಬುದು ಮೇಳದಲ್ಲಿ ನನ್ನ ಪಕ್ಕದ ಮೇಜಿನವರ ಉಪದೇಶ. ಅವರು ಹೇಳಿದ ಗಂಡನ್ನು ಬಿಟ್ಟು, ಬಿಳುಪಿನ ಖಾತ್ರಿಯೇನೂ ಇಲ್ಲದ, ಆದರೆ ಮೂರು ತಲೆಮಾರಿನ ಮೊಟ್ಟೆಗಳ ಲೆಕ್ಕ ನನ್ನ ಪುಸ್ತಕದಲ್ಲಿರುವ ಗಂಡನ್ನೇ ಈ ಸಲ ಬಿಡುವವನಿದ್ದೇನೆ. ಅದಕ್ಕೆ ಅವರು ನನ್ನನ್ನು ವ್ಯಾಪಾರ ಬಾರದವನೆಂದು ಕರೆದರು, ನಾನು ಒಪ್ಪಿಕೊಂಡೆ.